ಪಾಲಿಶ್ ಮಶಿನ್ನಿನ ಮುಂದೆ ನಿಂತವರು

ರಾಣೇಬೆನ್ನೂರಿನ ನಮ್ಮ ಸ್ಟೀಲ್ ಪಾತ್ರೆ ಕಾರ್ಖಾನೆಯ ಇತಿಹಾಸವನ್ನು ಗೋಡೆಗೆ ಹಾಕಬೇಕೆಂದು ಅಣ್ಣ ಹಟ ಹಿಡಿದ. ಮನೆಯಲ್ಲಿ ಹೆಚ್ಚು ಓದಿದವನು ನಾನೇ ಆದ್ದರಿಂದ ಬರೆಯುವ ಕೆಲಸ ನನಗೆ ಬಂತು. ಶುರುವಿನ ದಿನಗಳಲ್ಲಿ ಅಪ್ಪನೇ ಪಾಲಿಶ್ ಮಶಿನ್ನಿಗೆ ನಿಲ್ಲುತ್ತಿದ್ದ ಎಂದು ಬರೆದೆ. ಸಂಜೆ ಮುಖವೆಲ್ಲ ಕಪ್ಪಾಗಿ, ಕಣ್ಣಷ್ಟೇ ಬೆಳ್ಳಗೆ ಅವನು ಬಾಗಿಲಲ್ಲಿ ನಿಂತದ್ದು, ನಾನು ಹೆದರಿ ಅತ್ತದ್ದು ನನಗೆ ಚೆನ್ನಾಗಿ ನೆನಪಿದೆ.

ಅವ್ವನಿಗೆ ಓದಿ ಹೇಳಿದಾಗ ಅವಳು ನಕ್ಕಳು. "ನಿಮ್ಮಪ್ಪ ಗಲ್ಲಾ ಬಿಟ್ಟು ಎದ್ದಿದ್ದು ನಾ ಕಾಣೆ. ಕರ್ರಗ ಆಗಿ ಬರತಿದ್ದಾಂವ ನಿಮ್ಮ ಕಾಕಾ."

ಈ ವಯಸ್ಸಿನಲ್ಲಿ ಅವ್ವನ ನೆನಪನ್ನೂ ನಂಬುವುದು ಕಷ್ಟ. ಬಸ್ಸು ಹತ್ತಿ ಬ್ಯಾಡಗಿಗೆ ಹೋದೆ. ಕಾಕಾ ಅಲ್ಲಿ ಮಗಳ ಮನೆಯಲ್ಲಿದ್ದಾನೆ, ಸದಾ ಕೆಮ್ಮುತ್ತಾನೆ. ಆ ಊರಿನಲ್ಲಿ ಕೆಮ್ಮಿದವರನ್ನು ಯಾರೂ ಯಾಕೆಂದು ಕೇಳುವುದಿಲ್ಲ. ಮೆಣಸಿನಕಾಯಿ ಘಾಟು ಎಂದುಕೊಳ್ಳುತ್ತಾರೆ. ಪಾಲಿಶ್ ಧೂಳಿನ ನೆನಪೇ ಬಾರದೆ ನಾನೂ ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ.

"ಪಾಲಿಶ್ ಮಾಡತಿದ್ದಾಂವ ನೀನೇನು ಕಾಕಾ?"

"ಮತ್ತ್ಯಾರು? ನಿಮ್ಮಪ್ಪಗ ಬಿಳೇ ಅಂಗಿ ಹೊಲಸಾದ್ರ ಜ್ವರಾ ಬರತಿದ್ವು," ಎಂದು ನಕ್ಕು ಬಹಳ ಹೊತ್ತು ಕೆಮ್ಮಿದ. "ಇರಲಿ ಬಿಡೋ, ಅವಂದ ಹೆಸರು ಹಾಕು. ಗ್ವಾಡಿ ಮ್ಯಾಲೆ ಈ ಕೆಮ್ಮು ತಗೊಂಡು ಏನ್ ಮಾಡ್ತಿ?"

ತಿರುಗಿ ಬಂದು ಅಪ್ಪ ಎಂದಿದ್ದಲ್ಲಿ ಕಾಕಾ ಎಂದು ತಿದ್ದಿದೆ. ಅಣ್ಣ ಓದಿ ಮುಖ ಸಿಂಡರಿಸಿದ. ಆಮೇಲೆ "ಆತು ತಗೋ" ಎಂದು ಬೋರ್ಡು ಬರೆಯುವವನಿಗೆ ಕೊಟ್ಟ. ಆದರೂ ಕಣ್ಣು ಮುಚ್ಚಿದರೆ ಬಾಗಿಲಲ್ಲಿ ಕರಿ ಮುಖ ಹೊತ್ತು ನಿಲ್ಲುವವನು ಈಗಲೂ ಅಪ್ಪನೇ.