ಆಫೀಸಿನ ಬೀರುವಿನಲ್ಲಿ ನಲವತ್ತೊಂದು ಕಾರ್ಡು

ನಮ್ಮ ಎಸ್ಟೇಟಿನ ಆಫೀಸಿನಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರ ಕೀಲಿ ಇಪ್ಪತ್ತಾರು ವರ್ಷದಿಂದ ನನ್ನ ಹತ್ತಿರವೇ ಇದೆ. ಇನ್ನೊಂದು ಕೀಲಿ ಸಾಹುಕಾರರ ಬಳಿ ಇರಬೇಕು, ಎಲ್ಲಿಟ್ಟಿದ್ದಾರೆಂದು ಅವರಿಗೇ ಗೊತ್ತಿಲ್ಲ. ನಾನು ಈ ಕಾಫಿ ತೋಟದ ರೈಟರ್. ಆಳುಗಳ ಹಾಜರಿ ಹಾಕುವುದು, ಕುಯ್ದ ಹಣ್ಣು ತೂಗಿಸುವುದು, ಸಾಹುಕಾರರ ಬೈಗುಳವನ್ನು ಮೇಸ್ತ್ರಿಗೆ ಮುಟ್ಟಿಸುವುದು, ಮೇಸ್ತ್ರಿಯ ಬೈಗುಳವನ್ನು ಸಾಹುಕಾರರಿಗೆ ಮುಟ್ಟಿಸದೇ ಇರುವುದು, ಇಷ್ಟು ನನ್ನ ಕೆಲಸ. ಇದನ್ನು ಚೆನ್ನಾಗಿ ಮಾಡುತ್ತೇನೆ ಎಂಬ ಜಂಭ ನನಗಿತ್ತು.

ಆ ಬೀರುವಿನಲ್ಲಿ ಆಳುಗಳ ಆಧಾರ್ ಕಾರ್ಡು ಇಡುವ ಪದ್ಧತಿ ಶುರು ಮಾಡಿದವನೂ ನಾನೇ. ಊರ ಆಳುಗಳು ಸಿಗುವುದು ನಿಂತ ಮೇಲೆ ಕುಯ್ಲಿಗೆ ಅಸ್ಸಾಮಿನವರು ಬರತೊಡಗಿದರು. ಮೊದಲನೇ ವರ್ಷ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಒಂದು ಮಗು ಅಪ್ಪನ ಕಾರ್ಡಿನ ಮೂಲೆಯನ್ನು ಕಚ್ಚಿ ತಿಂದಿತ್ತು. ಇನ್ನೊಬ್ಬ ಪ್ಯಾಂಟಿನ ಜೊತೆ ಕಾರ್ಡನ್ನೂ ಒಗೆದು ಹರವಿದ್ದ. ತಂದು ಆಫೀಸಿನಲ್ಲಿಡಿ, ಭದ್ರವಾಗಿರುತ್ತದೆ ಎಂದೆ. ಒಬ್ಬೊಬ್ಬರದ್ದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಅಕ್ಷರ ಕ್ರಮದಲ್ಲಿ ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟೆ. ಆಗ ಅದರಲ್ಲಿ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ.

ಕೆಟ್ಟದ್ದು ಆಮೇಲೆ ಬಂತು. ಒಂದು ವರ್ಷ ಕುಯ್ಲಿನ ನಡುವೆ ಹನ್ನೊಂದು ಜನ ಸಿಮ್ ತೆಗೆದುಕೊಳ್ಳಬೇಕೆಂದು ಕಾರ್ಡು ಇಸಿದುಕೊಂಡವರು ಸಂಸೆ ಕಡೆಯ ಯಾವುದೋ ತೋಟಕ್ಕೆ ಹೋಗಿಬಿಟ್ಟರು. ಅಲ್ಲಿ ಕೂಲಿ ಜಾಸ್ತಿಯಂತೆ. ಹೋಗಲಿ ಬಿಡಿ ಎನ್ನುವಂತಿರಲಿಲ್ಲ, ಹಣ್ಣು ಗಿಡದಲ್ಲೇ ಒಣಗುತ್ತಿತ್ತು. ಸಾಹುಕಾರರು ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, "ಕಾರ್ಡು ನಿಮ್ಮ ಕೈಯಲ್ಲಿ ಇಟ್ಕೊಂಡೂ ಬಿಟ್ರಲ್ಲ ಮಾರಾಯ್ರೆ, ಎಂಥಾ ರೈಟರ್ ನೀವು?" ಎಂದರು. ಅಂದಿನಿಂದ ಕುಯ್ಲು ಮುಗಿಯುವ ತನಕ ಕಾರ್ಡು ವಾಪಸ್ ಇಲ್ಲ ಎಂದಾಯಿತು. ಆಳುಗಳಿಗೆ ಮಾತ್ರ ನಾನು ಹಳೇ ಮಾತನ್ನೇ ಹೇಳುತ್ತಿದ್ದೆ, ಭದ್ರವಾಗಿರಲಿ ಅಂತ. ಹೇಳಿ ಹೇಳಿ ನಾನೂ ನಂಬಿದ್ದೆ.

ಕಾಫಿಗೆ ರೇಟು ಏರಿದ ಮೇಲೆ ನಮ್ಮ ಕಡೆ ಕಣದಿಂದಲೇ ಕಾಫಿ ಮೂಟೆ ಮಾಯವಾಗತೊಡಗಿತು. ಬೆಳೆಗಾರರೆಲ್ಲ ಸೇರಿ ಪೊಲೀಸರಿಗೆ ಗಾಡಿ ಇಲ್ಲ, ಜನ ಇಲ್ಲ, ಸರ್ಕಾರ ಏನಾದರೂ ಮಾಡಬೇಕು ಎಂದು ಅರ್ಜಿ ಕೊಟ್ಟರು. ನಮ್ಮ ಸಾಹುಕಾರರ ಪರವಾಗಿ ಅದನ್ನು ಬರೆದವನು ನಾನು. ಅರ್ಜಿಗೆ ಉತ್ತರವಾಗಿ ಅನುದಾನ ಬಂದೇ ಬಂತು. ಆದರೆ ಬಂದದ್ದು ಬೇರೆ ಹೆಸರಿನಲ್ಲಿ. ಅಕ್ರಮವಾಗಿ ದೇಶದೊಳಗೆ ಬಂದವರನ್ನು, ಅವರಿಂದಾಗುವ ಅಪರಾಧಗಳನ್ನು ಪತ್ತೆ ಹಚ್ಚುವುದಕ್ಕೆ. ಒಂದು ಹೊಸ ಗಾಡಿ, ಸರ್ಕಲ್ಲಿಗೆ ಕ್ಯಾಮೆರಾ, ಬೆರಳಚ್ಚು ನೋಡುವ ಒಂದು ಯಂತ್ರ.

ಬೆಳೆಗಾರರನ್ನೂ ರೈಟರುಗಳನ್ನೂ ಪೇಟೆಯ ಒಂದು ಹಾಲಿಗೆ ಕರೆದು ಸಭೆ ಮಾಡಿದರು. ಬಿಸಿ ಬೋಂಡಾ ಇತ್ತು. ಇನ್ಸ್‌ಪೆಕ್ಟರ್ ಇನ್ನೂ ಚಿಕ್ಕ ವಯಸ್ಸಿನವರು, ಮಾತು ಮೃದು. ಗೋಣಿಬೀಡಿನ ಕಡೆಯ ಹಿರಿಯ ಬೆಳೆಗಾರರೊಬ್ಬರು ಎದ್ದು, "ನಾವು ಕೇಳಿದ್ದು ಕಾಫಿ ಕಳ್ಳರನ್ನ ಹಿಡೀಲಿಕ್ಕೆ ಅಲ್ವಾ ಸಾರ್?" ಎಂದರು.

"ಅದೂ ಇದ್ರಲ್ಲೇ ಬರುತ್ತೆ ಸರ್," ಎಂದರು ಇನ್ಸ್‌ಪೆಕ್ಟರ್. "ಆದ್ರೆ ಮೂರು ತಿಂಗಳಿಗೊಂದು ಸಲ ನಾವು ಪ್ರಗತಿ ವರದಿ ಕಳಿಸ್ಬೇಕು. ಎಷ್ಟು ಜನರನ್ನ ಪರಿಶೀಲಿಸಿದ್ರಿ, ಎಷ್ಟು ಸಂಶಯಾಸ್ಪದ ಅಂತ. ಸೊನ್ನೆ ಬರ್ದು ಕಳಿಸಿದ್ರೆ ಮುಂದಿನ ವರ್ಷ ಈ ಗಾಡಿಗೆ ಡೀಸೆಲ್ಲೂ ಸಿಗಲ್ಲ."

ಎಲ್ಲರೂ ನಕ್ಕೆವು. ನಾನೂ ನಕ್ಕೆ. ನಮ್ಮ ನಲವತ್ತೊಂದು ಅಸ್ಸಾಮಿನ ಆಳುಗಳ ಪಟ್ಟಿಯನ್ನು, ಕಾರ್ಡುಗಳ ಜೆರಾಕ್ಸ್ ಸಮೇತ, ಮೊದಲು ಕೊಟ್ಟವನು ನಾನೇ. ಇನ್ಸ್‌ಪೆಕ್ಟರ್ ನನ್ನ ಅಕ್ಷರ ನೋಡಿ ಹೊಗಳಿದರು. ಹಿಗ್ಗಿ ಇನ್ನೊಂದು ಬೋಂಡಾ ತಿಂದೆ.

ವಾಪಸ್ ಬರುವಾಗ ಜೀಪಿನಲ್ಲಿ ಸಾಹುಕಾರರ ಮುಖ ಸಪ್ಪಗಿತ್ತು. ಆಳುಗಳ ಅಸಲಿ ಕಾರ್ಡನ್ನು ನಾವು ಇಟ್ಟುಕೊಳ್ಳುವುದೇ ಅಪರಾಧ, ಜೀತಕ್ಕಿಟ್ಟ ಹಾಗೆ ಲೆಕ್ಕ ಎಂದು ಸಭೆಯಲ್ಲಿ ಯಾರೋ ಅವರ ಕಿವಿಯಲ್ಲಿ ಹೇಳಿದ್ದರಂತೆ.

"ಹಾಗಾದ್ರೆ ವಾಪಸ್ ಕೊಟ್ಬಿಡ್ಲಾ?" ಎಂದೆ.

"ರೊಬಸ್ಟಾ ಕಾಫಿ ಕುಯ್ಲು ಮುಗೀಲಿ. ಅಲ್ಲೀ ತನಕ ಆ ಬೀರು ವಿಷ್ಯ ಯಾರ ಹತ್ರಾನೂ ಎತ್ಬೇಡಿ."

ಅದಾದ ಮೂರನೇ ಭಾನುವಾರ. ಊಟ ಮಾಡಿ ಒರಗಿದ್ದೆ. ಬಾಗಿಲ ಬಳಿ ಹೆಂಗಸಿನ ದನಿ ಕೇಳಿತು. ಅಸ್ಸಾಮಿನ ಆಳುಗಳಲ್ಲಿ ಆಕೆಯಷ್ಟು ಚುರುಕಾಗಿ ಹಣ್ಣು ಕುಯ್ಯುವವರು ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಮೂರು ವರ್ಷದಿಂದ ನಮ್ಮಲ್ಲಿಗೇ ಬರುತ್ತಿದ್ದರು. ಆರು ವರ್ಷದ ಮಗಳನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಇಲ್ಲಿಯ ಕನ್ನಡ ಇಬ್ಬರಿಗೂ ಚೆನ್ನಾಗಿ ಬರುತ್ತಿತ್ತು.

"ಸಾಬ್, ಕಾರ್ಡು ಕೊಡಿ," ಎಂದಳು. "ಅವ್ರನ್ನ ಪೊಲೀಸ್ ಹಿಡ್ಕೊಂಡ್ರು."

ಗಂಡ ಫೋನಿನ ಒಡೆದ ಗಾಜು ಹಾಕಿಸಲು ಪೇಟೆಗೆ ಹೋಗಿದ್ದನಂತೆ. ಫೋನನ್ನು ಅಂಗಡಿಯಲ್ಲಿ ಬಿಟ್ಟು ಸರ್ಕಲ್ಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಹೊಸ ಗಾಡಿ ಬಂದು ನಿಂತಿದೆ. ಯಾವ ಊರು, ಕಾರ್ಡು ತೋರಿಸು ಎಂದಿದ್ದಾರೆ. ಕಾರ್ಡು ನನ್ನ ಬೀರುವಿನಲ್ಲಿ. ಫೋನಿದ್ದಿದ್ದರೆ ಅದರಲ್ಲಿದ್ದ ಕಾರ್ಡಿನ ಫೋಟೋವನ್ನಾದರೂ ತೋರಿಸುತ್ತಿದ್ದ. ಜೊತೆಗಿದ್ದವನು ಓಡಿ ಬಂದು ಹೇಳಿದ್ದಾನೆ.

ನಾನು ಸಾಹುಕಾರರಿಗೆ ಫೋನು ಮಾಡಿದೆ. ಅವರು ಚಿಕ್ಕಮಗಳೂರಿನಲ್ಲಿ ಯಾರದೋ ನಿಶ್ಚಿತಾರ್ಥದಲ್ಲಿದ್ದರು, ಹಿಂದೆ ವಾಲಗ ಕೇಳಿಸುತ್ತಿತ್ತು.

"ಅವಳ ಕೈಗೆ ಕೊಡ್ಬೇಡಿ. ನೀವೇ ತಗೊಂಡು ಹೋಗಿ. ನಮ್ಮ ಹತ್ರ ಇತ್ತು ಅಂತ ಮಾತ್ರ ಬಾಯಿ ಬಿಡ್ಬೇಡಿ ಮಾರಾಯ್ರೆ, ನಲವತ್ತೊಂದೂ ಎಲ್ಲಿ ಅಂತ ಕೇಳ್ತಾರೆ. ಲೈನಲ್ಲಿ ಸಿಕ್ತು ಅನ್ನಿ."

"ಆಯ್ತು," ಎಂದೆ. ಅಷ್ಟೇ ಹೇಳಿದ್ದು. ಎಷ್ಟೋ ಸಣ್ಣ ಸುಳ್ಳುಗಳನ್ನು ಈ ಆಫೀಸಿಗಾಗಿ ಹೇಳಿದ್ದೇನೆ, ಇದೂ ಒಂದು ಎಂದುಕೊಂಡೆ. ಆಕೆ ತಾನೂ ಬರುತ್ತೇನೆ ಎಂದಳು. ಬೇಡ, ಅರ್ಧ ಗಂಟೆಯಲ್ಲಿ ಕರೆದುಕೊಂಡು ಬರುತ್ತೇನೆ ಎಂದೆ. ಬಂದರೆ ನಿಜ ಹೇಳಿಬಿಡುತ್ತಾಳೆ ಎಂಬ ಭಯ ನನಗೆ.

ಠಾಣೆಯಲ್ಲಿ ಅವನನ್ನು ಹೊಸ ಯಂತ್ರದ ಮುಂದೆ ಕೂರಿಸಿದ್ದರು. ಕಾನ್‌ಸ್ಟೇಬಲ್ ಒಬ್ಬರು ಅವನ ಹೆಬ್ಬೆರಳನ್ನು ಒರೆಸಿ ಒರೆಸಿ ಒತ್ತುತ್ತಿದ್ದರು. ಎರಡು ತಿಂಗಳು ಕಾಫಿ ಹಣ್ಣು ಕುಯ್ದ ಕೈ. ಅಂಟು ಹತ್ತಿ ಕಪ್ಪಾಗಿ, ಚರ್ಮ ಸವೆದು, ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ. ಯಂತ್ರ ಪ್ರತಿ ಸಲವೂ ಕೆಂಪು ದೀಪ ತೋರಿಸುತ್ತಿತ್ತು. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು. ಆ ಮುಖ ಈಗಲೂ ನನ್ನ ಕಣ್ಣಿನಿಂದ ಹೋಗಿಲ್ಲ.

ಇನ್ಸ್‌ಪೆಕ್ಟರ್ ನನಗೆ ಕುರ್ಚಿ ಕೊಟ್ಟರು. ಕಾರ್ಡನ್ನೂ ನಾನು ಸಭೆಯಲ್ಲಿ ಕೊಟ್ಟಿದ್ದ ಅದರ ಜೆರಾಕ್ಸನ್ನೂ ನೋಡಿದರು. ಫೋಟೋದಲ್ಲಿ ಇದ್ದವನು ಮೀಸೆ ಮೂಡದ ಹುಡುಗ, ಎದುರಿಗಿದ್ದವನು ಗಡ್ಡದ ಗಂಡಸು.

"ಕಾರ್ಡು ಎಲ್ಲಿತ್ತು?"

"ಅವ್ರ ಲೈನಲ್ಲೇ ಇತ್ತು ಸಾರ್. ಹೆಂಡ್ತಿ ಹುಡುಕಿ ಕೊಟ್ಳು."

ಅವರು ಮೇಜಿನ ಮೇಲಿನ ಹಾಳೆ ನೋಡಿದರು. "ಇವ್ನು ಆಗಿಂದ ರೈಟರ್ ಹತ್ರ ಇದೆ, ಆಫೀಸಿನ ಬೀರಲ್ಲಿದೆ ಅಂತಿದ್ದಾನಲ್ಲ? ಹಾಗೇ ಬರ್ಕೊಂಡಿದೀವಿ."

"ತಪ್ಪು ತಿಳ್ಕೊಂಡಿರ್ಬೇಕು ಸಾರ್," ಎಂದೆ.

ಇನ್ಸ್‌ಪೆಕ್ಟರ್ ಅವನ ಕಡೆ ತಿರುಗಿ, "ಏನಪ್ಪಾ?" ಎಂದರು. ಅವನು ನನ್ನನ್ನೇ ನೋಡಿದ. ಸಿಟ್ಟಿನಿಂದಲ್ಲ. ಹೊಸ ಕೆಲಸ ಹೇಳಿದಾಗ ಅರ್ಥ ಮಾಡಿಕೊಳ್ಳಲು ನೋಡುವ ಹಾಗೆ ನೋಡಿದ. ಆಮೇಲೆ, "ಹೌದು ಸಾಬ್. ಲೈನಲ್ಲೇ ಇತ್ತು. ನಾನು ಮರ್ತಿದ್ದೆ," ಎಂದ.

ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಆ ಗಳಿಗೆಯಲ್ಲಿ ಬದುಕಿದೆ ಎನಿಸಿ ಸಂತೋಷವೇ ಆಯಿತು. ಇನ್ಸ್‌ಪೆಕ್ಟರ್ ಪೆನ್ನು ಎತ್ತಿಕೊಳ್ಳುವಷ್ಟು ಹೊತ್ತು ಅದು ಇತ್ತು.

"ಹಾಗಾದ್ರೆ ಇಷ್ಟೊತ್ತು ಸುಳ್ಳು ಹೇಳಿದ್ದು ಯಾಕೆ?" ಎಂದು ಅವರು ಕೇಳಿದರು. ಉತ್ತರ ಇದ್ದದ್ದು ನನ್ನಲ್ಲಿ, ನಾನು ಬಾಯಿ ತೆರೆಯಲಿಲ್ಲ. ಬೆರಳು ಯಂತ್ರಕ್ಕೆ ಹೊಂದುತ್ತಿಲ್ಲ, ಮುಖ ಫೋಟೋಗೆ ಹೊಂದುತ್ತಿಲ್ಲ, ಒಂದು ಮಾತು ಇನ್ನೊಂದಕ್ಕೆ ಹೊಂದುತ್ತಿಲ್ಲ. ಬೇರೆಯವನ ಕಾರ್ಡು ಇಟ್ಟುಕೊಂಡು ಬಂದಿರಬಹುದು ಎಂದು ಬರೆದು ಅವನನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಿದರು. ಅರ್ಧ ಗಂಟೆ ಎಂದಿದ್ದ ನಾನು ಒಬ್ಬನೇ ವಾಪಸ್ ಬಂದೆ. ಆಕೆ ಗೇಟಿನ ಬಳಿಯೇ ನಿಂತಿದ್ದಳು. ಅವಳಿಗೆ ಏನು ಹೇಳಿದೆನೋ ನೆನಪಿಲ್ಲ, ನಿಜವನ್ನಂತೂ ಹೇಳಲಿಲ್ಲ.

ಹನ್ನೆರಡು ದಿನದ ಮೇಲೆ ಅವನನ್ನು ಬಿಟ್ಟರು, ನನ್ನ ಮುಚ್ಚಳಿಕೆಯ ಮೇಲೆ. ಕಾರ್ಡು ಇವನದೇ ಎಂದು ಅವನ ಊರಿನಿಂದ ಕಾಗದ ಬರುವವರೆಗೆ ಅವನು ತಾಲ್ಲೂಕು ಬಿಟ್ಟು ಹೋಗುವಂತಿಲ್ಲ, ಪ್ರತಿ ಸೋಮವಾರ ನಾನೇ ಕರೆತಂದು ಸಹಿ ಹಾಕಿಸಬೇಕು, ಕಾರ್ಡು ಎಸ್ಟೇಟಿನ ವಶದಲ್ಲಿರಬೇಕು. ಕಾರ್ಡನ್ನು ಒಂದು ಖಾಕಿ ಕವರಿನಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು. ಅದನ್ನು ತಂದು ಅದೇ ಬೀರುವಿನಲ್ಲಿಟ್ಟೆ. ಕದ್ದುಮುಚ್ಚಿ ಮಾಡುತ್ತಿದ್ದ ಕೆಲಸಕ್ಕೆ ಈಗ ಸೀಲು ಬಿದ್ದಿತ್ತು.

"ಒಳ್ಳೇದೇ ಆಯ್ತಲ್ಲ," ಎಂದರು ಸಾಹುಕಾರರು. ಅವರ ಕೆನ್ನೆಗೆ ಬಾರಿಸಬೇಕೆನಿಸಿತು. ಬದಲಿಗೆ "ಹೌದು" ಎಂದೆ. ನನಗೆ ಆ ಪದವೊಂದೇ ಬರುತ್ತದೆ ಎಂದು ಕಾಣುತ್ತದೆ.

ಕುಯ್ಲು ಮುಗಿಯಿತು. ನಲವತ್ತು ಕಾರ್ಡುಗಳನ್ನು ಹಂಚಿದೆ. ಮೂವತ್ತೊಂಬತ್ತು ಜನ ಚೀಲ ಹೊತ್ತು ಬಸ್ಸು ಹತ್ತಿದರು. ಗಂಡ ಉಳಿದ, ಅವನನ್ನು ಬಿಟ್ಟು ಹೋಗಲಾರೆನೆಂದು ಆಕೆಯೂ ಉಳಿದಳು. ಆ ಉದ್ದನೆಯ ಲೈನಿನಲ್ಲಿ ಒಂದೇ ಒಲೆಯ ಹೊಗೆ. ಸಂಜೆ ಆಕೆ ಮಗಳೊಡನೆ ಫೋನಿನಲ್ಲಿ ಮಾತಾಡುವುದು ನನ್ನ ಕ್ವಾರ್ಟರ್ಸಿನವರೆಗೆ ಕೇಳುತ್ತಿತ್ತು. ಭಾಷೆ ಗೊತ್ತಿಲ್ಲದಿದ್ದರೂ, ಮಗು ದಿನವೂ ಒಂದೇ ಪ್ರಶ್ನೆ ಕೇಳುತ್ತಿದೆ ಎಂದು ಗೊತ್ತಾಗುತ್ತಿತ್ತು. ನನ್ನೊಡನೆ ಆಕೆ ಮಾತು ಬಿಟ್ಟಿದ್ದಳು. ಎದುರಾದರೆ ದಾರಿ ಬಿಟ್ಟು ಗಿಡದ ಸಾಲಿನೊಳಗೆ ಇಳಿಯುತ್ತಿದ್ದಳು.

ಸೋಮವಾರ ಬೆಳಿಗ್ಗೆ ಜೀಪಿನಲ್ಲಿ ನಾನು, ಅವನು, ಇಬ್ಬರೇ. ಕಾಫಿ ಹೂ ಬಿಟ್ಟು ರಸ್ತೆಯ ಎರಡೂ ಕಡೆ ಬೆಳ್ಳಗಿತ್ತು. ಅದರ ಪರಿಮಳಕ್ಕೆ ನನಗೆ ತಲೆ ಸಿಡಿಯುತ್ತಿತ್ತು. ನಾನೂ ಸೋಮವಾರಕ್ಕೆ ಕಟ್ಟುಬಿದ್ದಿದ್ದೆ. ಅಕ್ಕನ ಮಗನ ಮದುವೆಗೂ ಹೋಗಲಾಗಲಿಲ್ಲ. ಆದರೆ ಅದನ್ನು ಇವನ ಪಾಡಿನ ಪಕ್ಕದಲ್ಲಿಟ್ಟು ಹೇಳುವುದಕ್ಕೇ ನಾಚಿಕೆ. ಒಂದು ದಿನ ತಡೆಯಲಾಗದೆ ಕೇಳಿದೆ, "ಅವತ್ತು ಯಾಕೆ ಮಾತು ಬದಲಿಸ್ದೆ?"

"ನೀವು ಹೇಳಿದ ಮೇಲೆ ನಾನು ಬೇರೆ ಹೇಳಿದ್ರೆ ಯಾರು ನಂಬ್ತಾರೆ ಸಾಬ್?" ಎಂದ. "ನೀವು ಕುರ್ಚಿ ಮೇಲೆ ಕೂತಿದ್ರಿ."

ಮುಂದಿನ ಸೋಮವಾರ ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ನಾನೊಬ್ಬನೇ ಒಳಗೆ ಹೋಗಿ ಎಲ್ಲ ಹೇಳಿದೆ. ಬೀರು, ಕೀಲಿ, ಸಾಹುಕಾರರ ಫೋನು, ನನ್ನ ಸುಳ್ಳು. ಕೆಲಸ ಹೋದರೂ ಹೋಗಲಿ ಎಂದುಕೊಂಡೇ ಹೋಗಿದ್ದೆ. ಹೇಳಿ ಮುಗಿಸಿದಾಗ ಎದೆ ಹಗುರಾಗಿತ್ತು.

ಇನ್ಸ್‌ಪೆಕ್ಟರ್ ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಅನುದಾನ ಬಂದ ಮೇಲೆ ನಾವು ಕಳಿಸಿದ ಮೊದಲನೇ ಕೇಸು ಇದು," ಎಂದರು. "ವರದಿ ಮೇಲಕ್ಕೆ ಹೋಗಿಯಾಗಿದೆ. ಈಗ ನೀವು ಹೇಳಿಕೆ ಬದಲಿಸಿದ್ರೆ ಒಂದು ಕಾರ್ಡಿಗೆ ಮೂರು ಕತೆ ಆಗುತ್ತೆ. ಅದನ್ನ ಯಾರೂ ಬೇಗ ಮುಗಿಸಲ್ಲ. ಜೊತೆಗೆ ನಿಮ್ಮ ಮೇಲೆ, ನಿಮ್ಮ ಸಾಹುಕಾರ್ರ ಮೇಲೆ ಬೇರೆ ಕೇಸು ಮಾಡ್ಬೇಕು. ಮಾಡ್ತೀನಿ, ನನಗೇನೂ ಇಲ್ಲ. ಆದ್ರೆ ಅದಕ್ಕೆ ಸಾಕ್ಷಿ ಯಾರು? ಇವ್ನೇ. ಸಾಕ್ಷಿ ಆದೋನನ್ನ ಊರಿಗೆ ಕಳಿಸೋಕಾಗುತ್ತಾ?" ಪೆನ್ನಿನ ಮುಚ್ಚಳ ತೆಗೆದು ಹಾಳೆ ಎಳೆದುಕೊಂಡರು. "ಹೇಳಿ. ಬರ್ಕೊಳ್ಳಲಾ?"

ಒಂದು ನಿಮಿಷ ಕೊಡಿ ಎಂದು ಹೊರಗೆ ಬಂದೆ. ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತೆ. ಒಳಗೆ ನಿಜ ಹೇಳಿದ್ದನ್ನು, ಅವರು ಅಂದದ್ದನ್ನು, ಒಂದೂ ಬಿಡದೆ ಹೇಳಿದೆ. ಅವನು ಸವೆದ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಉಜ್ಜುತ್ತ ಕೇಳಿಸಿಕೊಂಡ.

"ಬರೆಸಿದ್ರೆ ಇನ್ನೆಷ್ಟು ದಿನ?"

"ಗೊತ್ತಿಲ್ಲ."

"ಬರೆಸದಿದ್ರೆ?"

"ಅದೂ ಗೊತ್ತಿಲ್ಲ."

ಅವನು ಎದ್ದು ನಿಂತ. ದನಿ ಏರಿಸಲಿಲ್ಲ.

"ನೀವು ಇನ್ನು ಏನೂ ಹೇಳ್ಬೇಡಿ ಸಾಬ್," ಎಂದ. "ನೀವು ಒಂದ್ಸಲ ಹೇಳಿದ್ದಕ್ಕೇ ಇಷ್ಟು ದಿನ ಆಯ್ತು."

ಪುಸ್ತಕದಲ್ಲಿ ಸಹಿ ಹಾಕಿ ಅವನು ಜೀಪಿನ ಕಡೆ ನಡೆದ. ನಾನು ಒಳಗೆ ಹೋಗಿ, "ಏನೂ ಇಲ್ಲ ಸಾರ್," ಎಂದೆ. ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು.