ಅಕ್ಕನ ತೋಳ ಮೇಲಿನ ಹಲ್ಲಿನ ಗುರುತು

ನನ್ನ ಮೊಮ್ಮಗನಿಗೆ ಮೊದಲ ಹಲ್ಲು ಬಂದಿದೆ. ನಿನ್ನೆ ನನ್ನ ಬೆರಳು ಕಚ್ಚಿದ. ಓಣಿಗೆಲ್ಲ ಬೆರಳು ತೋರಿಸಿ ಬಂದೆ, ಇನ್ನೂ ಸಂತೋಷ ತಡೆಯಲಾಗದೆ ಬರೆಯಲು ಕೂತಿದ್ದೇನೆ. ನಾಲ್ಕು ಅಕ್ಷರ ಕಲಿತವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾವು ಸಣ್ಣವರಿದ್ದಾಗ ಹಲ್ಲಿನ ಗುರುತು ಕಂಡರೆ ಮನೆಮಂದಿಗೆಲ್ಲ ಎದೆ ಝಲ್ಲೆನ್ನುತ್ತಿತ್ತು.

ನರಗುಂದದಲ್ಲಿ ಇಂಗ್ರೇಜರ ಮೇಲೆ ದಂಗೆ ಏಳುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಲಕ್ಕಲಕಟ್ಟಿಯ ನಮ್ಮ ಹೊಲದಲ್ಲಿ ಸೀತನಿ ಸುಡುವ ಕಾಲ. ಸುಟ್ಟ ಎಳೆಜೋಳದ ಘಮ, ಜೊತೆಗೆ ಬೆಲ್ಲ. ಕೊನೆಯ ಹಿಡಿಗಾಗಿ ಜಗಳವಾಗಿ ನಾನು ಅಕ್ಕ ಗೌರವ್ವನ ತೋಳು ಕಚ್ಚಿಬಿಟ್ಟೆ. ರಕ್ತ ಬಂತು. ಮನೆಯಲ್ಲಿ ಅವಳೇ ನಾಯಿ ಕಚ್ಚಿತು ಎಂದಳು. ನಾಯಿ ಎಂದರೆ ಯಾರಿಗೂ ಏಟು ಬೀಳುವುದಿಲ್ಲವೆಂದು ಅವಳ ಎಣಿಕೆ. ನಾಯಿ ಕಚ್ಚಿದ ಜಾಗಕ್ಕೆ ಕಾಯಿಸಿದ ಕುಡಗೋಲಿನಿಂದ ಬರೆ ಹಾಕುತ್ತಾರೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಅಪ್ಪ ಕುಡಗೋಲನ್ನು ಒಲೆಗಿಟ್ಟ. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದೆವು, ಓಣಿಯ ಮಕ್ಕಳ ಗಾಯ ನೋಡುವವಳು. ಅಕ್ಕನ ತೋಳನ್ನು ಬಾಗಿಲ ಬೆಳಕಿಗೆ ಹಿಡಿದು, ಯಾವ ಬಣ್ಣದ ನಾಯಿ ಎಂದು ಕೇಳಿದಳು. ಅಕ್ಕ ಕರಿದು ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಾಗ ಕೆಂಪು ಎಂದಳು.

"ಒಂದ ನಾಯಿಗೆ ಎರಡ ಬಣ್ಣ ಹ್ಯಾಂಗವಾ?" ಎಂದ ಆಯಿ ಅಪ್ಪನ ಕಡೆ ತಿರುಗಿದಳು. "ತಡಿಯೋ. ನಾಯಿ ಕಚ್ಚಿದ್ರ ಚರ್ಮ ಹರೀತದ. ಇದು ಬಳಿ ಇಟ್ಟಂಗ ದುಂಡಗ ಐತಿ."

"ಹುಚ್ಚ ನಾಯಿ ಆಗಿದ್ರ? ಕೂಸು ಕೈಬಿಟ್ಟ ಮ್ಯಾಲೆ ವಿಚಾರ ಮಾಡೂಣೇನ?" ಎಂದ ಅಪ್ಪ.

ಆಯಿ ನನ್ನನ್ನೇ ನೋಡುತ್ತಿದ್ದಳು. ಕುಡಗೋಲಿನ ತುದಿ ಕೆಂಪಾಯಿತು. ಅಕ್ಕ ಆಗಲೂ ನಾಯಿಯೇ ಎಂದಳು. ನಾನು ನನ್ನ ತೋಳನ್ನೇ ಕಚ್ಚಿಕೊಂಡು ಅಕ್ಕನ ತೋಳಿನ ಪಕ್ಕ ಹಿಡಿದೆ. ನನ್ನ ಮುಂದಿನ ಹಲ್ಲೊಂದು ಬಿದ್ದಿತ್ತು. ಆ ಜಾಗ ಎರಡೂ ಗುರುತಿನಲ್ಲಿ ಖಾಲಿ.

ಅಪ್ಪ ಕುಡಗೋಲನ್ನು ನೀರಿಗೆ ಅದ್ದಿದ, ಚುಂಯ್ ಎಂದಿತು. ಆಯಿ ಬಿಸಿ ಉಪ್ಪುನೀರಿನಲ್ಲಿ ಗಾಯ ತೊಳೆದು ಅರಿಶಿನ ಹಚ್ಚಿದಳು. "ಮನಷ್ಯಾರ ಬಾಯೇನ ಚಲೋ ಅಲ್ಲ, ಇದೂ ಕೀವ ಆಗತೈತಿ," ಎಂದು ದಿನಾ ಬಿಚ್ಚಿ ನೋಡಿದಳು. ಅಷ್ಟಾದರೂ ಅನುಮಾನ ಬಿಡದೆ, ಹುಚ್ಚುನಾಯಿ ಕಚ್ಚಿದವರಂತೆ ನೀರಿಗೆ ಅಂಜುತ್ತೇವೇನೋ ಎಂದು ತಿಂಗಳುಗಟ್ಟಲೆ ಇಬ್ಬರಿಗೂ ತನ್ನೆದುರೇ ನೀರು ಕುಡಿಸಿದಳು.

ಯಾಕೆ ಸುಳ್ಳು ಹೇಳಿದೆ ಎಂದು ಅಕ್ಕನನ್ನು ಆಮೇಲೆ ಕೇಳಿದೆ. "ನಿನ್ನ ಬಡೀತಿದ್ರಲ್ಲೋ," ಎಂದಳು, ಅಷ್ಟೆ.

ಅಕ್ಕ ಹೋಗಿ ಬಹಳ ವರ್ಷವಾಯಿತು. ಈಗ ಮನೆ ತುಂಬ ಮಂದಿ, ನನ್ನ ಮಾತು ಮೀರುವವರಿಲ್ಲ. ಆದರೆ ನಾನು ತಪ್ಪು ಮಾಡಿದರೆ ನನಗಿಂತ ಮೊದಲು ಹೆದರುವವರು ಯಾರೂ ಉಳಿದಿಲ್ಲ.