ನೀಲಕ್ಕನ ಗುಜರಿ ಹಡಗು

ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಹೆಡ್‌ಫೋನ್. ನೀಲಕ್ಕ ಎಂದರೆ ನನಗೆ ಮೊದಲು ನೆನಪಾಗುವುದು ಈ ಚಿತ್ರ. ಐವತ್ತು ದಾಟಿದ ಹೆಂಗಸು, ಮುರಿದ ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡು, ಶಿಗ್ಗಾವಿಯ ತಮ್ಮ ಪಡಸಾಲೆಯಲ್ಲಿ ಕುಳಿತೇ ನಕ್ಷತ್ರಗಳ ನಡುವೆ ಸರಕಿನ ಹಡಗು ಓಡಿಸುತ್ತಿದ್ದರು. ಯಾರಾದರೂ ಅಡ್ಡ ಬಂದರೆ, "ಸರಿಯೋ ಆ ಕಡೆ, ಮಂದಿ ಹೊಂಟಿದ್ದು ಕಾಣಂಗಿಲ್ಲೇನು?" ಎಂದು ಗದರಿಸುವರು.

ನಮ್ಮದು ಪಕ್ಕದ ಮನೆ. ಅವರು ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಾಗ, ಧಾರಾವಾಹಿ ನೋಡಿಕೊಂಡಿರಲಿ ಎಂದು ನನ್ನ ಹಳೆಯ ಕಂಪ್ಯೂಟರನ್ನು ಅಲ್ಲಿಟ್ಟಿದ್ದೆ. ಒಂದು ದಿನ ನಾನು ಅದರಲ್ಲಿ ಈ ಆನ್‌ಲೈನ್ ಆಟ ಆಡುವುದನ್ನು ನೋಡಿ, "ಮಾಸ್ತರ, ನನಗೂ ಕಲಸ್ರಿ. ಧಾರಾವಾಹಿಯೊಳಗ ಯಾರೂ ಮನಿ ಬಿಟ್ಟು ಹೊರಗ ಬರಂಗಿಲ್ಲ" ಎಂದರು. ಹದಿನೈದು ದಿನದಲ್ಲಿ ನನಗಿಂತ ಚೆನ್ನಾಗಿ ಕಲಿತರು. ಸುತ್ತಲಿನ ಊರುಗಳ ನಾಲ್ಕೈದು ಜನ ಸಂಜೆ ನಮ್ಮ ನಮ್ಮ ಮನೆಯಿಂದಲೇ, ಮೈಕಿನಲ್ಲಿ ಮಾತಾಡುತ್ತ, ಕೂಡಿ ಆಡುತ್ತಿದ್ದೆವು. ನೀಲಕ್ಕ ನಮ್ಮ ಗುಂಪಿಗೆ ಹಿರಿಯಕ್ಕನಾದರು.

ಆಗಲೇ ಆಟದ ಕಂಪನಿ ಹೊಸ ಹಡಗೊಂದರ ಸುದ್ದಿ ಬಿಟ್ಟಿತು. ಯುದ್ಧದಲ್ಲಿ ಮುರಿದುಬಿದ್ದ ಹಡಗುಗಳನ್ನು ಆಯ್ದು ತರುವ ಗುಜರಿ ಹಡಗು. ತೋರಿಸಿದ್ದು ಒಂದು ಮಸುಕು ನೆರಳು ಮಾತ್ರ. ಅದು ಹೇಗಿರಬಹುದು ಎಂಬುದೇ ನಮಗೆ ದಿನವೂ ಚರ್ಚೆ. ಆ ಉದ್ದನೆಯದು ಕೊಕ್ಕೆಯೋ, ಕತ್ತರಿಯೋ? ಒಳಗೆ ಎಷ್ಟು ಜನ ಹಿಡಿಸುತ್ತಾರೆ?

ಆ ದಿನಗಳಲ್ಲಿ ಹಿರೇಕೆರೂರಿನಿಂದ ಅವರ ತಮ್ಮ ಚನ್ನಪ್ಪ ನನಗೆ ಫೋನ್ ಮಾಡಿದರು. "ಅಕ್ಕ ಆಟ ಆಡ್ತಾಳಂತಲ್ರಿ. ನನ್ನೂ ಸೇರಿಸ್ಕೋರಿ. ಏನೂ ಹೇಳಬ್ಯಾಡ್ರಿ ಆಕಿಗೆ."

ಅಕ್ಕ ತಮ್ಮ ಮಾತು ಬಿಟ್ಟು ಏಳೆಂಟು ವರ್ಷವಾಗಿತ್ತು. ಅವ್ವ ತೀರಿಕೊಂಡ ದಿನ ನೀಲಕ್ಕ ಹೊರಟಿದ್ದ ಬಸ್ಸು ಹಾನಗಲ್ಲಿನ ಹತ್ತಿರ ಕೆಟ್ಟು ನಿಂತಿತ್ತು. ತವರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮಾಡುತ್ತಿದ್ದರು. ಬಾಗಿಲಿನಿಂದಲೇ ತಿರುಗಿ ಬಂದವರು ಮತ್ತೆ ಆ ಊರಿಗೆ ಕಾಲಿಟ್ಟಿರಲಿಲ್ಲ.

ಚನ್ನಪ್ಪ ಗುಂಪಿಗೆ ಬಂದು "ನಮಸ್ಕಾರ್ರಿ ಎಲ್ಲಾರಿಗೂ" ಎಂದೊಡನೆ ನೀಲಕ್ಕನ ಹಡಗು ನಿಂತಲ್ಲೇ ನಿಂತಿತು. ಧ್ವನಿ ಗುರುತು ಸಿಕ್ಕಿತ್ತು. ಆದರೂ ಆಟ ಬಿಟ್ಟು ಹೋಗಲಿಲ್ಲ. ಅಂದಿನಿಂದ ಇಬ್ಬರೂ ಆ ಗುಜರಿ ಹಡಗಿನ ಬಗ್ಗೆ ಮಾತ್ರ ಮಾತಾಡುತ್ತಿದ್ದರು, ಅದೂ ಬಹುವಚನದಲ್ಲಿ.

ಒಂದು ಸಂಜೆ ನಾನು ನನ್ನ ಲ್ಯಾಪ್‌ಟಾಪ್ ಹಿಡಿದು ಅವರ ಪಡಸಾಲೆಯಲ್ಲೇ ಆಟಕ್ಕೆ ಕುಳಿತಿದ್ದೆ. ಚನ್ನಪ್ಪ ಹೇಳುತ್ತಿದ್ದರು: "ಅದು ಕತ್ತರೀನ ಐತ್ರಿ. ಹೋಗೂದು, ಕೊಯ್ಯೂದು, ತುಂಬ್ಕೊಂಡು ಬರೂದು. ತಡಾ ಮಾಡಿದ್ರ ಬ್ಯಾರೇದವ್ರು ಬರ್ತಾರ."

"ಹಂಗ ಕೊಯ್ಯಾಕ ಬರ್ತೈತೇನ್ರಿ?" ಎಂದರು ನೀಲಕ್ಕ. "ಒಳಗ ಯಾರರ ಉಳದಿದ್ರ? ಮೊದಲ ಬಾಗಲಾ ಬಡೀಬೇಕು. ಬರೂವ್ರು ಅದಾರೇನು ಅಂತ ಚೂರು ತಡೀಬೇಕು."

ಚನ್ನಪ್ಪ ಹಡಗಿನ ಮಾತು ಬಿಟ್ಟರು: "ಅವತ್ತ ಹೊತ್ತು ಮುಳಗಾಕತ್ತಿತ್ತು ಅಕ್ಕಾ. ಹಿರ್ಯಾರು ಅವಸರಾ ಮಾಡಿದ್ರು. ಆದ್ರೂ ನಾ ತಡೀಬೇಕಾಗಿತ್ತು."

ನೀಲಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. "ಮೈಕ್ ಬಂದ್ ಮಾಡೋ ಹುಚ್ಚ, ಎಲ್ಲಾರೂ ಕೇಳಾಕತ್ತಾರ. ಫೋನ್ ಹಚ್ಚು."

ನಾನು ಎದ್ದು ಹೊರಗೆ ಬಂದೆ. ಆ ಭಾನುವಾರ ಚನ್ನಪ್ಪ ಬಂದರು. ಊಟಕ್ಕೆ ಕುಳಿತಾಗಲೂ ಕೊಕ್ಕೆಯೋ ಕತ್ತರಿಯೋ ಎಂಬ ಜಗಳ ನಡೆದೇ ಇತ್ತು, ಈಗ ಏಕವಚನದಲ್ಲಿ.

ಕಾಲು ನೆಟ್ಟಗಾದ ಮೇಲೆ ನೀಲಕ್ಕ ತವರಿಗೆ ಹೋದರು. ನಾಲ್ಕು ದಿನಕ್ಕೆಂದು ಹೋದವರು ತಿಂಗಳಾದರೂ ಬರಲಿಲ್ಲ. ಅವರ ಯಜಮಾನರು ನಮ್ಮ ಮನೆಯ ಸಾರು ಉಣ್ಣುತ್ತ, "ಇರ್ಲಿ ಬಿಡ್ರಿ, ಭಾಳ ವರ್ಷದ ಮಾತು ಉಳದಾವು" ಎನ್ನುತ್ತಿದ್ದರು. ಅಷ್ಟರಲ್ಲಿ ಹಡಗು ಬಂದೇ ಬಂತು. ಅದು ಕತ್ತರಿಯೇ. ಈ ಸುದ್ದಿ ಹೇಳಲೆಂದು ಫೋನ್ ಮಾಡಿದೆ.

"ಹೌದೇನ್ರಿ? ಹಂಗಾರ ಅಂವಾ ಗೆದ್ದ ಬಿಡ್ರಿ" ಎಂದು ನಕ್ಕರು.

"ಸಂಜೆ ಆಟಕ್ಕ ಬರ್ರಿ. ಎಲ್ಲಾರೂ ಕಾಯಾಕತ್ತೇವಿ."

"ಎಲ್ಲಿ ಪುರಸೊತ್ತ್ರಿ ಮಾಸ್ತರ? ತಮ್ಮನ ಹೇಣ್ತಿ ಜೋಡಿ ಹಪ್ಪಳಾ ಹಾಕಾಕತ್ತೇನಿ. ಮಾಳಗಿ ತುಂಬ ಹರವೇವಿ." ಮಾತು ಅಲ್ಲಿಗೇ ನಿಂತಿತು. ಫೋನನ್ನು ಎಲ್ಲೋ ಇಟ್ಟು ಮರೆತು ಓಡಿದರೆಂದು ಕಾಣುತ್ತದೆ. ದೂರದಿಂದ ಅವರ ದನಿ ಕೇಳಿಸಿತು: "ಏ ಚನ್ನ್ಯಾ! ಕಾಗಿ ಬಂದಾವ ನೋಡೋ!"